ಕೈ ಒದ್ದೆ ಇದೆ, ಮೊದಲೇ ಹೇಳಿಬಿಡ್ತೀನಿ

ಮಾಲೂರು, ರೈಲ್ವೆ ಗೇಟಿನ ಹಿಂದಿನ ನ್ಯಾಯಬೆಲೆ ಅಂಗಡಿ,
ಹನ್ನೊಂದನೇ ತಾರೀಕು, ಬೆಳಿಗ್ಗೆ ಏಳೂವರೆ.
ಚೀಲಗಳು ಸಾಲಲ್ಲಿ ನಿಂತಿವೆ, ಮನುಷ್ಯರು ಬಿಸಿಲಲ್ಲಿ.
ಧನುರ್ಮಾಸದ ಚಳಿ ಷಟರಿನ ತಗಡಿಗೆ ಇನ್ನೂ ಅಂಟಿಕೊಂಡಿದೆ,
ಆದರೂ ನನ್ನ ಅಂಗೈಯಲ್ಲಿ ನೀರು.
ಒಂದು ಹನಿ ಮಣಿಕಟ್ಟಿನವರೆಗೆ ನಡೆದು
ಗಡಿಯಾರದ ಪಟ್ಟಿ ಕಂಡು ನಿಲ್ಲುತ್ತದೆ.

ದುಡಿದ ಬೆವರಿಗೆ ಈ ನಾಡಲ್ಲಿ ಮರ್ಯಾದೆ ಉಂಟು,
ಭಾಷಣದಲ್ಲಿ ಅದರ ಹೆಸರು ಬರುತ್ತದೆ.
ಸುಮ್ಮನೆ ಕೂತವಳ ಕೈಯಲ್ಲಿ ಬಂದದ್ದಕ್ಕೆ
ಏನನ್ನಬೇಕೋ ಯಾರಿಗೂ ತಿಳಿಯದು.
ಭಯಾನಾ ಅಂತಾರೆ. ಬಿ.ಪಿ. ನೋಡಿಸಿದ್ರಾ ಅಂತಾರೆ.
ಈ ಕೈಯಲ್ಲಿ ಕಾಸು ನಿಲ್ಲಲ್ಲ ಅನ್ನುತ್ತಿದ್ದಳು ಅಜ್ಜಿ.
ನಿಂತಿಲ್ಲ, ನಿಜ.
ತಮ್ಮನದು ಒಣಕೈ, ಅವನಲ್ಲೂ ನಿಂತಿಲ್ಲ.

ಪಿಯುಸಿ ಪರೀಕ್ಷೆಗೆ ಮೂರು ಕರ್ಚೀಫು ಒಯ್ದಿದ್ದೆ,
ಒಂದು ಹಾಳೆಯ ಮೇಲೆ, ಒಂದು ಪೆನ್ನಿಗೆ, ಒಂದು ತೊಡೆಗೆ.
ಸ್ಕ್ವಾಡಿನವರು ಮೂರನ್ನೂ ಬಿಡಿಸಿ ಬೆಳಕಿಗೆ ಹಿಡಿದರು.
ಚೀಟಿ ಇರಲಿಲ್ಲ. ಅಕ್ಕ ಹಾಕಿದ ಕಸೂತಿಯ ಹೂವಿತ್ತು,
ಶಾಯಿ ಕುಡಿದು ನೀಲಿಯಾಗಿ.
ವಾಪಸು ಕೊಡುವಾಗ ಎರಡೇ ಬೆರಳ ತುದಿಯಲ್ಲಿ ಹಿಡಿದಿದ್ದರು.
ಆ ಎರಡು ಬೆರಳು ಹನ್ನೆರಡು ವರ್ಷ
ನನ್ನ ಜೊತೆ ಎಲ್ಲ ಮದುವೆಮನೆಗೂ ಬಂದವು.

ಕೋಲಾರದ ಡಾಕ್ಟರು ಅದಕ್ಕೊಂದು ಉದ್ದ ಹೆಸರು ಹೇಳಿದರು.
ಹೆಸರು ಸಿಕ್ಕ ದಿನ ಬಸ್ಸಿನ ಕಿಟಕಿ ಪಕ್ಕ ಕೂತು
ಅಂಗೈ ಬಿಚ್ಚಿ ಹಿಡಿದಿದ್ದೆ, ನೋಡುವವರು ನೋಡಲಿ ಅಂತ.
ಯಾರೂ ನೋಡಲಿಲ್ಲ.
ನೀರಿನ ತಟ್ಟೆಯಲ್ಲಿ ಕೈಯಿಟ್ಟರೆ ಸಣ್ಣ ಕರೆಂಟು ಹರಿಸುತ್ತಾರೆ,
ಕೆಂಜಿಗ ಕಚ್ಚಿದ ಹಾಗೆ.
ನಾಲ್ಕು ವಾರ ಒಣಗಿತ್ತು.
ಆ ನಾಲ್ಕು ವಾರ ಪಕ್ಕದ ಮನೆ ಕೂಸಿನ ಕೆನ್ನೆ, ಪೇಪರು,
ಪರಿಚಯವೇ ಇಲ್ಲದವರ ಕೈ, ಎಲ್ಲವನ್ನೂ ಮುಟ್ಟಿದೆ.
ಆಮೇಲೆ ನೀರು ಬಂತು, ತವರಿಗೆ ಬಂದವಳ ಹಾಗೆ,
ಚಪ್ಪಲಿ ಬಿಟ್ಟು ನೇರ ಒಳಕ್ಕೆ.

ಸಾಲಲ್ಲಿ ಮುಂದೆ ನಿಂತಾಕೆ ಚಿಕ್ಕಮುನಿಯಮ್ಮ.
ಮೂವತ್ತು ವರ್ಷ ಹೆಂಚಿನ ಕಾರ್ಖಾನೆ.
ಕೈ ಕೆಸರಾದರೆ ಬಾಯಿ ಮೊಸರು ಅಂದವರು
ಕೆಸರು ಬೆರಳಿನ ಗೆರೆಯನ್ನೂ ತಿನ್ನುತ್ತದೆ ಅನ್ನಲಿಲ್ಲ.
ಅವಳ ಹೆಬ್ಬೆರಳು ಉಜ್ಜಿದ ಹೆಂಚು, ನುಣ್ಣಗೆ, ನೀರು ಕಾಣದೆ.
ಮಿಷಿನ್ನು ಕೆಂಪಗೆ ಮಿಟುಕುತ್ತದೆ: ಮತ್ತೊಮ್ಮೆ.
ತಲೆಗೂದಲಿಗೆ ಒರೆಸಿ ಒತ್ತುತ್ತಾಳೆ: ಮತ್ತೊಮ್ಮೆ.
ನಾನು ನಾನೇ ಅಲ್ವೇನಮ್ಮ, ಅಂತ ಕೇಳುತ್ತಾಳೆ,
ನನ್ನನ್ನಲ್ಲ, ಮಿಷಿನ್ನನ್ನು.

ಕೈ ಒದ್ದೆ ಇದೆ, ಮೊದಲೇ ಹೇಳಿಬಿಡ್ತೀನಿ, ಅನ್ನುತ್ತೇನೆ.
ಈ ಐದು ಮಾತು ಬಾಯಿಗೆ ಬರಲು
ಇಪ್ಪತ್ತೊಂಬತ್ತು ವರ್ಷ ಬೇಕಾಯಿತು.
ಅವಳ ಹೆಬ್ಬೆರಳನ್ನು ಎರಡು ಅಂಗೈ ನಡುವೆ ಇಟ್ಟು
ಹತ್ತು ಎಣಿಸುತ್ತೇನೆ.
ಎಲ್ಲಿ ಅಡಗಿದ್ದವೋ, ನಾಲ್ಕು ಗೆರೆ ಎದ್ದು ಬರುತ್ತವೆ.
ಹಸಿರು ದೀಪ.
ಅಕ್ಕಿ ತೂಗು, ರಾಗಿ ತೂಗು ಅಂತ ಹುಡುಗನಿಗೆ ಕೂಗುತ್ತೇನೆ.

ಇದನ್ನು ದೊಡ್ಡದು ಮಾಡಬೇಡಿ.
ದಿನಕ್ಕೆ ನಾಲ್ಕೈದು ಬೆರಳು ಅಷ್ಟೇ, ಉಳಿದವರಿಗೆ ಒದ್ದೆಬಟ್ಟೆ ಸಾಕು.
ಬಿಲ್ಲು ಇನ್ನೂ ನನ್ನ ಕೈಯಲ್ಲಿ ಮುದುಡುತ್ತದೆ.
ಗಿಳಿಹಸಿರು ರವಿಕೆ ತೊಟ್ಟರೆ ಕಂಕುಳಲ್ಲಿ ಅರ್ಧಚಂದ್ರ.
ತೊಡುತ್ತೇನೆ.
ಕಪ್ಪು ಬಣ್ಣದೊಳಗೆ ಬೇಕಾದಷ್ಟು ದಿನ ಇದ್ದು ಬಂದಿದ್ದೇನೆ.

ಮಧ್ಯಾಹ್ನ ಲೆಕ್ಕ ಮುಚ್ಚಲು ನನ್ನದೇ ಹೆಬ್ಬೆರಳು ಬೇಕು.
ಮಿಷಿನ್ನು ಒಪ್ಪುವುದಿಲ್ಲ. ತೀರಾ ನೀರು.
ಮೊಮ್ಮಗನ ಸೈಕಲ್ಲಿಗೆ ಕಾಯುತ್ತ
ಚೀಲದ ಮೇಲೆ ಕೂತಿದ್ದ ಚಿಕ್ಕಮುನಿಯಮ್ಮ
ಎದ್ದು ಬಂದು, ಕೇಳದೆ, ನನ್ನ ಬೆರಳನ್ನು
ಸೆರಗಲ್ಲಿ ಸುತ್ತಿ ಮುಷ್ಟಿಯಲ್ಲಿ ಹಿಡಿದು ಎಣಿಸುತ್ತಾಳೆ.
ಹೆಂಚು ಎಣಿಸಿ ಅಭ್ಯಾಸ.
ಹತ್ತಕ್ಕೆ ನಿಲ್ಲಿಸುವುದಿಲ್ಲ.